ಒಂದೇ ಮರದವನ ತೂಗುಹಾಸಿಗೆ

ನಡೆಯುವುದನ್ನು ಹಿರಿಯರು ಕಲಿಸುತ್ತಾರೆ, ಉಣ್ಣುವುದನ್ನು ಕಲಿಸುತ್ತಾರೆ, ಕಿವಿ ಹಿಂಡಿ ಮಗ್ಗಿಯನ್ನೂ ಕಲಿಸುತ್ತಾರೆ. ಮಲಗುವುದನ್ನು ಮಾತ್ರ ಹುಟ್ಟಿನಿಂದಲೇ ಬಂದ ವಿದ್ಯೆ ಎಂದು ಬಿಟ್ಟುಬಿಡುತ್ತಾರೆ. ನಾನೂ ಹಾಗೆಯೇ ನಂಬಿದ್ದೆ. ಐವತ್ತು ದಾಟಿದ ಮೇಲೆ ಒಂದು ದಿನ ಆ ವಿದ್ಯೆ ನನಗೆ ಪೂರ್ತಿ ಮರೆತುಹೋಗಿದೆ ಎಂದು ಗೊತ್ತಾಯಿತು. ಬಿಸಿ ಹಾಲು ಕುಡಿದೆ, ಅಂಗಾಲಿಗೆ ಹರಳೆಣ್ಣೆ ತಿಕ್ಕಿಕೊಂಡೆ, ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದರೆಂದು ದಿಂಬಿನ ಕೆಳಗೆ ಗಸಗಸೆ ಗಂಟು ಇಟ್ಟುಕೊಂಡೂ ನೋಡಿದೆ. ಇರುವೆ ಬಂದವೇ ಹೊರತು ನಿದ್ದೆ ಬರಲಿಲ್ಲ.

ತಪ್ಪು ನನ್ನದಲ್ಲ, ಮಂಚದ್ದು. ನಮ್ಮದು ಜೋಡಿ ಮಂಚ, ತೇಗದ್ದು, ಮಾವನವರು ಮದುವೆಯಲ್ಲಿ ಕೊಟ್ಟದ್ದು. ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುವವನು. ನನ್ನ ಹೆಂಡತಿ ಕಮಲು ಮನೆಯಲ್ಲಿ, ಅದೂ ಮಂಚದ ಮೇಲೆ, ಭೂಗೋಳ ನಡೆಸುತ್ತಿದ್ದಳು. "ಇದು ನಿಮ್ಮ ಸೀಮೆ, ಇದು ನನ್ನ ಸೀಮೆ. ಗಡಿ ದಾಟಬೇಡಿ ಕಣ್ರೀ" ಎನ್ನುತ್ತಿದ್ದಳು. ನಿದ್ದೆಗಣ್ಣಿನಲ್ಲಿ ನನ್ನ ಕಾಲು ಆ ಕಡೆ ಹೋದರೆ ಎರಡೂ ಕೈಯಿಂದ ತಳ್ಳಿ ವಾಪಸು ಕಳಿಸುತ್ತಿದ್ದಳು. ಅವಳು ತೀರಿಕೊಂಡು ಎರಡು ವರ್ಷವಾಯಿತು. ಮಕ್ಕಳಿಲ್ಲ. ಈ ನಡುವೆ ರಾಜ್ಯಗಳ ಗಡಿಗಳನ್ನೆಲ್ಲ ಹೊಸದಾಗಿ ಎಳೆದರು. ಶಾಲೆಯಲ್ಲಿ ಹಳೆಯ ಭೂಪಟ ಸುತ್ತಿಟ್ಟು ಹೊಸದನ್ನು ನೇತುಹಾಕಿದ್ದಾಯಿತು, ಹೊಸ ಜಿಲ್ಲೆಗಳ ಹೆಸರನ್ನು ಹುಡುಗರ ಜೊತೆ ನಾನೂ ಉರು ಹೊಡೆದದ್ದಾಯಿತು. ನಮ್ಮ ಮಂಚದ ಗಡಿ ಮಾತ್ರ ಇದ್ದಲ್ಲೇ ಇತ್ತು. ನಾನು ನನ್ನ ಸೀಮೆಯ ಅಂಚಿನಲ್ಲಿ, ಇನ್ನೇನು ಉರುಳಿ ಬೀಳುವವನ ಹಾಗೆ ಮಲಗುತ್ತಿದ್ದೆ. ಆ ಕಡೆ ಖಾಲಿ. ಖಾಲಿ ಜಾಗದ ಪಕ್ಕದಲ್ಲಿ ನನಗೆ ನಿದ್ದೆ ಬರುವುದಿಲ್ಲ, ಅಷ್ಟೇ ವಿಷಯ.

ಹೀಗಿರುವಾಗ ಬೇಸಗೆ ರಜ ಬಂತು. ಮೇಷ್ಟರಿಗೆ ರಜ ಬಂದರೆ ಊರೆಲ್ಲ ಹೊಟ್ಟೆಕಿಚ್ಚು ಪಡುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲದ ಮನೆಯಲ್ಲಿ ಆ ರಜವನ್ನು ಏನು ಮಾಡಬೇಕೆಂದು ಊರು ಹೇಳಿಕೊಡುವುದಿಲ್ಲ. ಸುಮ್ಮನೆ ಪೇಟೆ ಸುತ್ತಲು ಹೋದೆ. ಮಾರ್ಕೆಟ್ಟಿನ ಹಿಂದೆ, ಯುದ್ಧ ಮುಗಿದ ಮೇಲೆ ಉಳಿದ ಮಿಲಿಟರಿ ಸಾಮಾನು ಮಾರುವ ಅಂಗಡಿಯಲ್ಲಿ, ಬೂಟು, ನೀರಿನ ಬಾಟ್ಲಿಗಳ ನಡುವೆ ಒಂದು ಖಾಕಿ ಕ್ಯಾನ್‌ವಾಸ್ ಬಟ್ಟೆ ತೂಗುತ್ತಿತ್ತು. ಎರಡು ತುದಿಗೂ ಹಗ್ಗ. "ಹ್ಯಾಮಕ್ಕು ಸ್ವಾಮಿ. ಕಾಡಲ್ಲಿ ಸೋಲ್ಜರ್‌ಗಳು ಇದರಲ್ಲೇ ಮಲಗ್ತಿದ್ರು" ಎಂದರು ಅಂಗಡಿಯ ಸಾಹೇಬರು. ನಾನು ಅದರ ಅಗಲ ನೋಡಿದೆ. ಒಬ್ಬನಿಗೆ ಸರಿಯಾಗಿ ಸಾಕು. ಪಕ್ಕದ ಜಾಗ ಎನ್ನುವುದೇ ಅದರಲ್ಲಿ ಇಲ್ಲ! ಇದು ನನಗಾಗಿಯೇ ಹೊಲಿದದ್ದು ಎನ್ನಿಸಿತು. ಕಟ್ಟಿಕೊಡುವಾಗ ಸಾಹೇಬರು, "ಮನೇಲಿ ಎರಡು ಮರ ಇದೆ ತಾನೆ?" ಎಂದರು. ಏನೋ ಹೆಂಡತಿ ಮಕ್ಕಳ ವಿಷಯ ಕೇಳಿದ ಹಾಗಾಗಿ, ಮರ್ಯಾದೆಗೆ ಅಂಜಿ "ಓಹೋ, ಇದೆ" ಎಂದುಬಿಟ್ಟೆ.

ಇದ್ದದ್ದು ಒಂದೇ ತೆಂಗಿನಮರ. ನಮ್ಮ ಮನೆ ಒಂಟಿಕೊಪ್ಪಲಿನಲ್ಲಿ. ಊರಿನ ಹೆಸರಿನ ಮೇಲೆ ಹಾಸ್ಯ ಮಾಡಬೇಡಿ, ನಾನೇ ಮಾಡಿ ಸಾಕಾಗಿದೆ. ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಕುಳಿತೆ. ಸರಳು ಚೌಕಟ್ಟು ಬಿಟ್ಟು ನನ್ನ ಜೊತೆಗೇ ಕೆಳಗೆ ಬಂತು. ಉಳಿದದ್ದು ಹಿತ್ತಿಲ ಮೋಟುಗೋಡೆಯ ಆಚೆ, ಗೋಡೆಗೆ ಒರಗಿಕೊಂಡೇ ಬೆಳೆದಿದ್ದ ಮಾವಿನಮರ. ಅದು ಅರಮನೆಯ ಉಗ್ರಾಣದಲ್ಲಿದ್ದು ನಿವೃತ್ತರಾದ ನಂಜುಂಡಯ್ಯನವರದು. ಅವರ ಜೊತೆ ನನಗೆ ಜಗಳವಿರಲಿಲ್ಲ. ಜಗಳವಾಡುವಷ್ಟು ಬಳಕೆಯೇ ಇರಲಿಲ್ಲ. ಕಮಲುವೂ ಅವರ ಮನೆಯಾಕೆ ಜಾನಕಮ್ಮನೂ ಗೋಡೆಯ ಮೇಲೆಯೇ ಸಂಸಾರ ನಡೆಸುತ್ತಿದ್ದರು: ಸಾರು ಆ ಕಡೆಯಿಂದ ಈ ಕಡೆ, ಉಪ್ಪಿನಕಾಯಿ ಈ ಕಡೆಯಿಂದ ಆ ಕಡೆ. ನಮ್ಮ ಮನೆಯ ಮಾತಿನ ಖಾತೆ ಪೂರ್ತಿ ಅವಳದು. ನಾನು ನಂಜುಂಡಯ್ಯನವರಿಗೆ ಇಷ್ಟು ವರ್ಷದಲ್ಲಿ ಹೇಳಿದ್ದು "ಮಳೆ ಬರೋ ಹಾಗಿದೆ" ಎಂಬ ಒಂದು ಮಾತು. ಬೇಸಗೆಯಲ್ಲಿ ಅದಕ್ಕೂ ಅವಕಾಶವಿಲ್ಲ.

ಆದರೂ ಧೈರ್ಯ ಮಾಡಿದೆ. "ತಮ್ಮ ಮರಕ್ಕೆ ಒಂದು ಹಗ್ಗ ಕಟ್ಟಿಕೊಳ್ಳಬಹುದೇ" ಎಂಬ ವಾಕ್ಯವನ್ನು ಕನ್ನಡಿಯ ಮುಂದೆ ಒಪ್ಪಿಸಿಕೊಂಡೆ. ಹಗ್ಗ, ಮರ ಎರಡೂ ಒಂದೇ ವಾಕ್ಯದಲ್ಲಿ, ಅದೂ ಹೆಂಡತಿ ಸತ್ತವನ ಬಾಯಲ್ಲಿ, ಕೇಳುವುದಕ್ಕೆ ಅಷ್ಟು ಚೆನ್ನಾಗಿಲ್ಲ ಎಂದು ಆಮೇಲೆ ಹೊಳೆಯಿತು. ವಾಕ್ಯ ತಿದ್ದುತ್ತಲೇ ಹೋಗಿ ಬಾಗಿಲು ತಟ್ಟಿದೆ. ಜಾನಕಮ್ಮ ಬಂದರು. ನಾನು ಬಾಯಿ ತೆರೆಯುವ ಮುಂಚೆಯೇ, "ಹೆಪ್ಪಿಗೆ ಬಂದ್ರಾ? ತಾಳಿ, ತರ್ತೀನಿ" ಎಂದು ಒಳಗೆ ಹೋಗಿ, ಒಂದು ಬಟ್ಟಲಿನಲ್ಲಿ ಮೊಸರು ತಂದು ಕೈಗಿಟ್ಟರು. ನಮ್ಮ ಮನೆಯಿಂದ ಯಾರಾದರೂ ಆ ಬಾಗಿಲಿಗೆ ಹೋದರೆ ಅದು ಹೆಪ್ಪಿಗೇ. "ಕಮಲಮ್ಮ ಇದೇ ಬಟ್ಟಲಿಗೆ ಹಾಕಿಸ್ಕೊಳ್ತಿದ್ರು" ಎಂದು ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದಾದ ಮೇಲೆ ಹಗ್ಗದ ಮಾತೆತ್ತುವುದು ಹೇಗೆ? ಹೆಪ್ಪು ಹಿಡಿದು ವಾಪಸು ಬಂದೆ. ಹೆಪ್ಪು ಹಾಕಲು ಮನೆಯಲ್ಲಿ ಹಾಲಿರಲಿಲ್ಲ.

ಮಾರನೆಯ ಮಧ್ಯಾಹ್ನ, ಅವರು ಉಂಡು ಮಲಗಿರುತ್ತಾರೆಂಬ ನಂಬಿಕೆಯಿಂದ, ಕಳ್ಳನ ಹಾಗೆ ಗೋಡೆ ಹತ್ತಿ ಮಾವಿನಮರಕ್ಕೆ ಹಗ್ಗ ಬಿಗಿದೆ. ನನಗೆ ಬರುತ್ತಿದ್ದದ್ದು ಪಂಚೆಯ ಗಂಟು ಒಂದೇ. ಅದನ್ನೇ ನಾಲ್ಕಾರು ಹಾಕಿದೆ. ಬಟ್ಟೆ ಒಣಗಿಸುವ ತಂತಿಯಷ್ಟು ಬಿಗಿ. ಬಿಗಿಯಾದಷ್ಟೂ ಭದ್ರ ಎಂದು ನನ್ನ ಬುದ್ಧಿ. ಹತ್ತಿದೆ, ದೋಸೆ ಮಗುಚಿದ ಹಾಗೆ ಅದು ನನ್ನನ್ನು ನೆಲಕ್ಕೆ ಮಗುಚಿತು. ಹಗ್ಗ ಸಡಿಲಿಸಿ ಮತ್ತೆ ಹತ್ತಿದೆ. ಈ ಸಲ ಬೀಳಲಿಲ್ಲ, ಆದರೆ ತಲೆ ಮೇಲೆ, ಕಾಲು ಮೇಲೆ, ನಡು ಪಾತಾಳದಲ್ಲಿ; ಗದ್ದ ಎದೆಗೆ ಒತ್ತಿ ಉಸಿರು ಕಟ್ಟುತ್ತಿತ್ತು. ಸೋಲ್ಜರ್‌ಗಳು ಯುದ್ಧ ಗೆದ್ದದ್ದು ಹೇಗೋ ಎಂದು ಯೋಚಿಸುತ್ತ ಬಿದ್ದಿದ್ದೆ.

"ಏನ್ರೀ ಮೇಷ್ಟ್ರೇ!" ಗೋಡೆಯ ಮೇಲಿಂದ ನಂಜುಂಡಯ್ಯನವರ ತಲೆ. ಮರದ ವಿಷಯ ಎತ್ತಿದರೆ ಏನು ಹೇಳಲಿ? ಅವರು ಮರ ನೋಡಲೇ ಇಲ್ಲ. "ಯಾವ ಕಡೆ ತಲೆ ಹಾಕಿದ್ದೀರಿ? ಉತ್ತರ ಕಣ್ರೀ ಅದು, ಉತ್ತರ! ಹುಡುಗರಿಗೆ ದಿಕ್ಕು ಹೇಳ್ಕೊಡೋರು ನೀವು!"

ನಿಜ. ವರ್ಷಗಟ್ಟಲೆ ಕಪ್ಪು ಹಲಗೆಯ ಮೇಲೆ ಬಾಣ ಬರೆದು ಉತ್ತರ ತೋರಿಸಿದವನು, ಸ್ವಂತ ತಲೆ ಎಲ್ಲಿದೆ ಎಂದು ನೋಡಿರಲಿಲ್ಲ.

"ಉತ್ತರಕ್ಕೆ ತಲೆ ಹಾಕಿದ್ರೆ ಆಯಸ್ಸು ಕಮ್ಮಿ ಆಗುತ್ತೆ."

"ಇರೋ ಆಯಸ್ಸನ್ನೇ ಏನು ಮಾಡೋದು ಅಂತ ಗೊತ್ತಾಗ್ತಿಲ್ಲ ಸ್ವಾಮಿ" ಎಂದೆ. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು.

ಅವರು ಗೋಡೆಯ ಮೇಲೆ ಮೊಣಕೈ ಊರಿದರು. "ನಿಮಗೆ ಬೇಡದೆ ಇರಬಹುದು. ನಮ್ಮ ಮರಕ್ಕೆ ಅಪವಾದ ಬರಬಾರದು ನೋಡಿ. ತಿರುಗಿ ಮಲಗಿ."

ತಿರುಗಿದೆ. ಈಗ ನನ್ನ ಎರಡೂ ಪಾದ ನೇರವಾಗಿ ಜಾನಕಮ್ಮನ ತುಳಸಿಕಟ್ಟೆಗೆ! "ಶಿವ ಶಿವಾ, ಬೇಡ ಬೇಡ" ಎಂದು ನಂಜುಂಡಯ್ಯನವರು ಕೈ ಬೀಸಿದರು. ಒಂದು ಕಡೆ ಯಮ, ಒಂದು ಕಡೆ ತುಳಸಿ. ನಾನು ನಡುವೆ ತೂಗುತ್ತಿದ್ದೆ. ಜಾನಕಮ್ಮನೂ ಬಂದರು. "ಒಂಟಿ ಮನುಷ್ಯ, ಅಷ್ಟು ದೊಡ್ಡ ಜೋಲೀಲಿ ಮಲಗಿದ್ದಾರಲ್ಲ, ಪಾಪ" ಎಂದರು. ಇಬ್ಬರೂ ನನ್ನ ಕಾಲಿನ ವಿಷಯವಾಗಿ ಗಂಭೀರವಾಗಿ ಚರ್ಚಿಸಿದರು. ನನ್ನ ಮೈಕೈ ಬಗ್ಗೆ ಯಾರಾದರೂ ಅಷ್ಟು ಹೊತ್ತು ಮಾತಾಡಿ ಎರಡು ವರ್ಷವಾಗಿತ್ತು.

ಕೊನೆಗೆ ನಂಜುಂಡಯ್ಯನವರು ತೀರ್ಪು ಕೊಟ್ಟರು: "ಓರೆಯಾಗಿ ಮಲಗಿ. ತಲೆ ಚಾಮುಂಡಿಬೆಟ್ಟದ ಕಡೆಗೆ. ಕಾಲು ನಮ್ಮ ಬಚ್ಚಲುಮನೆ ಕಡೆಗೆ. ಅಲ್ಲಿ ದೇವರಿಲ್ಲ, ಅಡ್ಡಿಯಿಲ್ಲ." ಬೆಟ್ಟ ನಮಗೆ ಆಗ್ನೇಯ. ತಲೆಯನ್ನು ಬಟ್ಟೆಯ ಒಂದು ಅಂಚಿಗೆ, ಕಾಲನ್ನು ಇನ್ನೊಂದು ಅಂಚಿಗೆ ಸರಿಸಿದೆ. ಏನಾಶ್ಚರ್ಯ! ಕ್ಯಾನ್‌ವಾಸ್ ಚಾಪೆಯ ಹಾಗೆ ಹರಡಿಕೊಂಡಿತು, ನಡು ನೆಟ್ಟಗಾಯಿತು, ಗದ್ದ ಎದೆಯನ್ನು ಬಿಟ್ಟಿತು. ಇದರಲ್ಲಿ ಮಲಗುವ ಗುಟ್ಟೇ ಅದು, ಓರೆಯಾಗಿ ಮಲಗುವುದು. "ಶಾಸ್ತ್ರ ಅಂದ್ರೆ ಸುಮ್ನೇನಾ?" ಎಂದು ಅವರು ಮೀಸೆಯಲ್ಲೇ ನಕ್ಕದ್ದು ನೆನಪಿದೆ. ಆಮೇಲಿನದು ನೆನಪಿಲ್ಲ, ನಿದ್ದೆ ಬಂದಿತ್ತು. "ಮೇಷ್ಟ್ರೇ, ಕಾಫಿ ಆರ್ತಿದೆ" ಎಂದು ಜಾನಕಮ್ಮ ಗೋಡೆಯ ಮೇಲೆ ಲೋಟ ಇಟ್ಟು ಕೂಗಿದಾಗಲೇ ಎಚ್ಚರ.

ಆ ಬೇಸಗೆಯೆಲ್ಲ ಹಾಗೆಯೇ ಕಳೆಯಿತು. ರಾತ್ರಿಯೂ ಅದರಲ್ಲೇ ಮಲಗುತ್ತಿದ್ದೆ. ದಿನವೂ ಮಧ್ಯಾಹ್ನ ನಂಜುಂಡಯ್ಯನವರು ಗೋಡೆಗೆ ಬಂದು ನನ್ನ ದಿಕ್ಕು ಪರೀಕ್ಷಿಸುವರು, ಉಗ್ರಾಣದ ತುಪ್ಪದ ಪೀಪಾಯಿಗಳ ಹಳೆಯ ಕತೆ ಶುರುಮಾಡುವರು. ಕತೆಯ ಅರ್ಧದಲ್ಲಿ ನಾನು ನಿದ್ದೆ ಹೋಗುವೆ. ಅವರು ಬೇಸರಪಡಲಿಲ್ಲ. ಮಾರನೆಯ ದಿನ ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಹೆಪ್ಪಿಗೆಂದು ನಾನು ಹಾಲನ್ನೂ ತರಿಸತೊಡಗಿದೆ.

ಮಳೆ ಹಿಡಿಯಿತು, ಶಾಲೆ ತೆರೆಯಿತು. ಹ್ಯಾಮಕ್ಕು ಬಿಚ್ಚಿ ಅಟ್ಟಕ್ಕೆ ಹಾಕಿ ಮತ್ತೆ ಮಂಚಕ್ಕೆ ಬಂದೆ. ಮೊದಲ ದಿನವೇ, ಆಶ್ಚರ್ಯ, ಮಲಗಿದವನಿಗೆ ಬೆಳಗಾದದ್ದೇ ತಿಳಿಯಲಿಲ್ಲ. ಕಣ್ಣು ಬಿಟ್ಟು ನೋಡುತ್ತೇನೆ, ತಿಂಗಳುಗಟ್ಟಲೆಯ ಅಭ್ಯಾಸ, ನಾನು ಮಂಚದ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದ್ದೇನೆ. ತಲೆ ನನ್ನ ಸೀಮೆಯಲ್ಲಿ, ಎರಡೂ ಕಾಲು ಗಡಿ ದಾಟಿ ಕಮಲುವಿನ ಸೀಮೆಯಲ್ಲಿ. ತಳ್ಳಲಿ ಎಂದು ಸ್ವಲ್ಪ ಹೊತ್ತು ಹಾಗೆಯೇ ಇದ್ದೆ. ಯಾರೂ ತಳ್ಳಲಿಲ್ಲ. ಆಮೇಲೆ ನಾನೇ ಒಂದೊಂದಾಗಿ ಕಾಲು ಎಳೆದುಕೊಂಡೆ.

ಹಲ್ಲುಜ್ಜಲು ಹಿತ್ತಿಲಿಗೆ ಹೋದರೆ ನಂಜುಂಡಯ್ಯನವರು ಗೋಡೆಯ ಹತ್ತಿರ ಛತ್ರಿ ಹಿಡಿದು ನಿಂತಿದ್ದರು.

"ನಿದ್ದೆ ಬಂತೇ ಮೇಷ್ಟ್ರೇ? ತಲೆ ಯಾವ ಕಡೆ?"

"ಬೆಟ್ಟದ ಕಡೆಗೇ ಇತ್ತು" ಎಂದೆ.

ಕಾಲು ಎಲ್ಲಿತ್ತು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. "ಮಳೆ ಬರೋ ಹಾಗಿದೆ" ಎಂದೆ. ಧೋ ಎಂದು ಸುರಿಯುತ್ತಲೇ ಇತ್ತು.