ಮುಠಾ ನದಿಯ ಕಸವೂ ನನ್ನ ಬಿಪಿಯೂ

ನದಿಗೆ ಇಳಿದವರಿಗೆ ಮೊಸಳೆ ಸಿಗುವುದುಂಟು, ನೀರುಹಾವು ಸಿಗುವುದುಂಟು. ನನಗೆ ಮಾತ್ರ ಪ್ರತಿ ಭಾನುವಾರ ತಪ್ಪದೆ ಒಬ್ಬನಲ್ಲ ಒಬ್ಬ ಮನುಷ್ಯ ಸಿಗುತ್ತಾನೆ. ಮೊಸಳೆಯಾದರೆ ಬಾಯಿ ತೆರೆಯುವ ಮೊದಲು ಸ್ವಲ್ಪ ಯೋಚನೆಯನ್ನಾದರೂ ಮಾಡುತ್ತದೆ.

ನಾನು ಮೂಲತಃ ವಿಜಯಪುರದ ಕಡೆಯವನು. ಇಪ್ಪತ್ತಾರು ವರ್ಷದಿಂದ ಪುಣೆಯಲ್ಲಿದ್ದೇನೆ. ಇಲ್ಲಿನ ಕ್ಯಾಂಪ್ ಬಡಾವಣೆಯ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಶನಿವಾರದವರೆಗೆ ಬೇರೆಯವರ ನಷ್ಟದ ಅರ್ಜಿ ಓದುತ್ತೇನೆ, ಭಾನುವಾರ ಬೆಳಿಗ್ಗೆ ಕಯಾಕ್ ಹತ್ತಿ ಮುಠಾ ನದಿಯ ಕಸ ಎತ್ತುತ್ತೇನೆ. ಕಯಾಕ್ ಅಂದರೆ ಇಬ್ಬರು ಹಿಂದೆ ಮುಂದೆ ಕೂತು ಹುಟ್ಟು ಹಾಕುವ ಸಪೂರ ಪ್ಲಾಸ್ಟಿಕ್ ದೋಣಿ. ಹಿಂದೆ ನಾನು, ಮುಂದೆ ಸಾಫ್ಟ್‌ವೇರ್ ಕೆಲಸದಲ್ಲಿರುವ ಒಬ್ಬ ಮೈಸೂರಿನ ಹುಡುಗಿ. ಅವಳಿಗೆ ಸಿಟ್ಟು ಬರುವುದಿಲ್ಲ. ಅವಳ ಪಾಲಿನದನ್ನೂ ನಾನೇ ಮಾಡಿಕೊಳ್ಳುತ್ತೇನೆ.

ದೋಣಿ ಇಳಿಸಲು ನಮಗೆ ವರ್ಷಕ್ಕೊಮ್ಮೆ ಪರವಾನಗಿ ಬೇಕು. ಯಾವ ಕಚೇರಿಯಿಂದ ಅಂತ ಹೇಳುವುದಿಲ್ಲ, ಬರುವ ವರ್ಷವೂ ಅಲ್ಲಿಗೇ ಹೋಗಬೇಕು. ಈ ಸಲ ಹೊಸ ಸಾಹೇಬರು ಬಂದಿದ್ದರು. ಅರ್ಜಿಯನ್ನು ಓದದೆ ಪಕ್ಕಕ್ಕಿಟ್ಟು, "ನದಿ ಮೊದಲಿನಂಗೇ ಹೊಲಸ ಅದ ಅಂತಾರಲ್ರಿ. ದೀಪಾವಳಿ ಮುಗೀಲಿ, ನಾನೇ ಬಂದು ನೋಡ್ತೀನಿ. ಅಲ್ಲೀತನಕ ಹಳೇ ಪರವಾನಗಿ ನಡೀಲಿ. ಫರಕು ಕಂಡ್ರ ಸಹಿ, ಇಲ್ಲಂದ್ರ ದೋಣಿ ಎತ್ಕೊಂಡು ಹೋಗ್ರಿ," ಅಂದರು. ಅವರು ಅಂದದ್ದು ಮರಾಠಿಯಲ್ಲಿ. ಇಲ್ಲಿ ಬರುವ ಮರಾಠಿ ಮಾತನ್ನೆಲ್ಲ ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ, ನಾನು ಬೈದದ್ದನ್ನು ಬಿಟ್ಟು.

ಹೀಗಾಗಿ ಹಳೇ ಸೇತುವೆಯಿಂದ ಘಾಟಿನ ಮೆಟ್ಟಿಲ ತನಕದ ಒಂದು ತುಂಡು ನದಿಯಾದರೂ ಕನ್ನಡಿಯಂತೆ ಇರಬೇಕೆಂದು ಹಟ ಹಿಡಿದೆವು. ಹಟ ಹಿಡಿದದ್ದು ನಾವು. ಊರಿನವರು ಹಿಡಿದದ್ದು ಬೇರೆ.

೧. ಸತ್ತವರು ಯಾರು?

ಮಳೆ ನಿಂತ ಮೇಲಿನ ಮೊದಲ ಭಾನುವಾರ. ನಾವು ಸೇತುವೆಯ ಕೆಳಗೆ ದೋಣಿ ತಂದು ಕಂಬಕ್ಕೆ ಸಿಕ್ಕಿದ ಸೀರೆಯೊಂದನ್ನು ಎಳೆಯುತ್ತಿದ್ದೆವು. ಮೇಲೆ ಒಬ್ಬ ಸ್ಕೂಟರ್ ನಿಲ್ಲಿಸಿದ. ಅವನನ್ನು ನೋಡಿ ಹತ್ತು ಜನ ನಿಲ್ಲಿಸಿದರು. ಕಾಲು ಗಂಟೆಯಲ್ಲಿ ಸೇತುವೆಯ ಕಟಕಟೆ ಜನರಿಂದ ತುಂಬಿತು, ವಡಾಪಾವ್ ಗಾಡಿಯೂ ಬಂದು ನಿಂತಿತು. ಈ ಊರಲ್ಲಿ ನದಿಗೆ ದೋಣಿ ಇಳಿಯುವುದು ಒಂದೇ ಕಾರಣಕ್ಕೆ.

"ಬಾಡಿ ಸಿಕ್ತೇನ್ರಿ?" ಒಬ್ಬ ಕೂಗಿದ.

"ಯಾರೂ ಸತ್ತಿಲ್ಲರೀ! ನಾವು ಕಸ ತಗೀಲಿಕತ್ತೀವಿ!" ಎಂದೆ.

ಇಷ್ಟು ಜನರಿಗೆ ಒಟ್ಟಿಗೆ ನಿರಾಸೆ ಮಾಡಿದ್ದು ನನ್ನ ಜನ್ಮದಲ್ಲೇ ಅದೇ ಮೊದಲು. ಒಬ್ಬ, "ಸುಳ್ಳು. ಮನೆಯವರು ಮುಚ್ಚಿಡಾಕ ಹೇಳ್ಯಾರ," ಅಂದ. ಇನ್ನೊಬ್ಬ ಪೊಲೀಸರಿಗೆ ಫೋನ್ ಹಚ್ಚಿದ. ಸೀರೆ ಪೂರ್ತಿ ಹೊರಗೆ ಬಂತು, ಒಳಗೆ ಏನೂ ಇರಲಿಲ್ಲ. ಆಗ ಬಿಳಿ ಟೋಪಿಯ ಮುದುಕರೊಬ್ಬರು ಕಟಕಟೆಗೆ ಬಗ್ಗಿ, ಬಹಳ ಕಾಳಜಿಯಿಂದ ಹೇಳಿದರು: "ಅಲ್ಲಲ್ಲ, ಎರಡನೇ ಕಂಬದ ಹತ್ರ ನೋಡ್ರಿ. ಹೋದ ಸಲ ಅಲ್ಲೇ ಸಿಕ್ಕಿತ್ತು."

೨. ಮನೆಗೆ ಬಂದ ದೇವರು

ಚೌಕಟ್ಟು ಮುರಿದ ದೇವರ ಪಟವನ್ನು ಮನೆಯಲ್ಲಿ ಇಡಬಾರದು, ಕಸಕ್ಕೂ ಹಾಕಬಾರದು. ಹಾಗಾಗಿ ಎಲ್ಲರೂ ನದಿಗೆ ಬಿಡುತ್ತಾರೆ. ಒಂದೇ ಬೆಳಿಗ್ಗೆ ನಮಗೆ ಹದಿನಾಲ್ಕು ಪಟ ಸಿಕ್ಕವು. ಗಾಜು ಒಡೆದ ಲಕ್ಷ್ಮಿ, ಬಣ್ಣ ಹೋದ ಗಣಪತಿ, ಗುರುತು ಸಿಗದ ಇಬ್ಬರು ಸ್ವಾಮಿಗಳು.

ದಡಕ್ಕೆ ತಂದು ಘಂಟಾಗಾಡಿಯವನನ್ನು ಕರೆದೆ. ಗಂಟೆ ಬಾರಿಸುತ್ತ ಬರುವ ಕಸದ ಗಾಡಿಗೆ ಇಲ್ಲಿ ಹಾಗೆನ್ನುತ್ತಾರೆ. ಅವನು ಪಟಗಳನ್ನು ನೋಡಿದವನೇ ಚಪ್ಪಲಿ ಕಳಚಿ ಕೈ ಮುಗಿದ.

"ದೇವ್ರನ್ನ ಕಸದ ಗಾಡ್ಯಾಗ ಹಾಕೋದಾ? ನನಗ ಮಕ್ಕಳು ಮರಿ ಅದಾವರಿ ಸಾಹೇಬ್ರ."

"ಮತ್ತ ಏನು ಮಾಡ್ಲೋ ಮಾರಾಯ?"

"ನದಿಗೆ ಬಿಡ್ರಿ."

ನನ್ನ ಬಿಪಿ ಏರಿದ್ದು ದೋಣಿಯಲ್ಲಿದ್ದ ಹುಡುಗಿಗೂ ಕಾಣಿಸಿತಂತೆ. "ಅಂಕಲ್, ಸದ್ಯಕ್ಕೆ ನಿಮ್ಮ ಮನೇಲಿ ಇಟ್ಕೊಳ್ಳಿ, ಆಮೇಲೆ ಏನಾದ್ರೂ ಮಾಡೋಣ," ಅಂದಳು. ಆಯಿತೆಂದು ಗೋಣಿಯಲ್ಲಿ ತುಂಬಿ ಮನೆಯ ಗ್ಯಾಲರಿಯಲ್ಲಿ ಇಟ್ಟೆ. ಆಮೇಲೆ ಏನೂ ಮಾಡಲಾಗಲಿಲ್ಲ. ನನ್ನಾಕೆ ಎಲ್ಲವನ್ನೂ ಒರೆಸಿ ಸಾಲಾಗಿ ನಿಲ್ಲಿಸಿ ಕುಂಕುಮ ಹಚ್ಚಿಬಿಟ್ಟಿದ್ದಳು. ಮುಂದಿನ ಭಾನುವಾರ ಹೊರಗೆ ಒಯ್ಯಲು ಹೋದರೆ ಬಾಗಿಲಲ್ಲಿ ಅಡ್ಡ ನಿಂತಳು. "ಮನಿಗೆ ಬಂದ ದೇವ್ರನ್ನ ಹೊರಗ ಹಾಕ್ತಾರೇನ್ರಿ? ತಂದವ್ರು ನೀವು. ದಿನಾ ಹದಿನಾಲ್ಕು ಮಂದಿಗೆ ನೈವೇದ್ಯ ಮಾಡಾಕಿ ನಾನು. ನಾ ಏನರ ಅಂದೆನೇನು?"

ಗ್ಯಾಲರಿಯಲ್ಲಿ ಈಗ ಬಟ್ಟೆ ಒಣಗಿಸುವಂತಿಲ್ಲ. ದೇವರೆದುರು ಬನಿಯನ್ ನೇತುಹಾಕಿದರೆ ಅಪಚಾರವಂತೆ.

೩. ಹೆಸರು ಹಾಕದ ನೋಟಿಸು

ಒಂದು ಸಲ ದೋಣಿ ಮಗುಚಿ ನಾನು ನೀರಿಗೆ ಬಿದ್ದೆ. ಮುಳುಗಲಿಲ್ಲ, ನೀರು ಎದೆಮಟ್ಟ ಇತ್ತು. ಆದರೆ ಆ ನೀರು ಎಂಥದ್ದೆಂದು ಪುಣೆಯವರಿಗೆ ಹೇಳಬೇಕಿಲ್ಲ. ಅದೇ ಅವತಾರದಲ್ಲಿ ಮನೆಗೆ ಬಂದು ಲಿಫ್ಟ್ ಹತ್ತಿದೆ. ನಮ್ಮ ಮನೆ ಆರನೇ ಮಹಡಿ. ಎರಡನೇ ಮಹಡಿಯಲ್ಲಿ ಒಬ್ಬರು ಹತ್ತಿದರು, ಮೂರನೆಯದರಲ್ಲಿ ಇಳಿದು ಉಳಿದದ್ದನ್ನು ನಡೆದೇ ಹೋದರು. ಅವರು ಐದನೇ ಮಹಡಿಯವರು.

ಮರುದಿನ ಲಿಫ್ಟಿನ ಬಾಗಿಲಿಗೆ ಸೊಸೈಟಿಯ ನೋಟಿಸು ಅಂಟಿತ್ತು: "ನದಿಯಿಂದ ನೇರವಾಗಿ ಬರುವ ಸದಸ್ಯರು ಮೆಟ್ಟಿಲು ಬಳಸತಕ್ಕದ್ದು."

ನಾನು ನೇರ ಸೊಸೈಟಿಯ ಚೇರ್ಮನ್ ಮನೆಗೆ ಹೋದೆ. "ಈ ಬಿಲ್ಡಿಂಗಿನಾಗ ನಲವತ್ತೆಂಟು ಮನಿ ಅದಾವ. ನದಿಯಿಂದ ಬರಾಂವ ನಾ ಒಬ್ಬನೇ!"

ಅವರು ಹೆಗಲ ಮೇಲೆ ಕೈ ಹಾಕಲು ಬಂದು, ಏನೋ ನೆನಪಾಗಿ ಕೈ ಹಿಂದೆ ತೆಗೆದುಕೊಂಡರು. "ಅದಕ್ಕೇ ನೋಡ್ರಿ, ನಿಮ್ಮ ಮರ್ಯಾದಿ ಹೋಗಬಾರ್ದು ಅಂತ ಹೆಸರು ಹಾಕಿಲ್ಲ."

೪. ಫೋಟೋಕ್ಕೆ ಬೇಕಾದಷ್ಟು

ಸಾಹೇಬರು ಬರಲು ಎರಡು ವಾರ ಇತ್ತು. ನಮ್ಮ ತುಂಡು ನದಿ ನಿಜಕ್ಕೂ ಸ್ವಚ್ಛವಾಗಿತ್ತು. ನೀರಿನ ಮೇಲೆ ಹಾಸಿದ್ದ ಅಂತರಗಂಗೆಯ ಬಳ್ಳಿಯನ್ನೂ ಎಳೆದು ಹಾಕಿದ್ದೆವು. ಕಂಬದ ಮೇಲೆ ಒಂದು ಮಿಂಚುಳ್ಳಿ ಬಂದು ಕೂರತೊಡಗಿತ್ತು. ಅದನ್ನು ನೋಡಲೆಂದೇ ನಾನು ಕಚೇರಿಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಇಷ್ಟು ವರ್ಷ ಬಾಡಿಗೆ ಮನೆ, ಸ್ವಂತ ಮನೆ ಎಲ್ಲ ಆಯಿತು. ಈ ಊರಲ್ಲಿ ಇದು ನನ್ನದು ಅಂತ ಅನಿಸಿದ್ದು ಆ ನೀರು ಮಾತ್ರ.

ಆಗ ಒಂದು ಕಂಪನಿಯಿಂದ ನಲವತ್ತು ಜನ ಹಸಿರು ಟಿ-ಶರ್ಟ್ ತೊಟ್ಟು ನದಿ ಸ್ವಚ್ಛತೆಗೆ ಬಂದರು. ಮೊದಲು ಪೋಹೆ, ಅಂದರೆ ಅವಲಕ್ಕಿ, ತಿಂದರು. ಆಮೇಲೆ ಬ್ಯಾನರ್ ಬಿಚ್ಚಿ ಕೈಗವಸು ಹಾಕಿ ಸಾಲಾಗಿ ನಿಂತರು. ಅವರ ಮ್ಯಾನೇಜರ್ ನೀರು ನೋಡಿದ, ದಡ ನೋಡಿದ, ಮುಖ ಸಪ್ಪೆ ಮಾಡಿಕೊಂಡು ನನ್ನ ಬಳಿ ಬಂದ.

"ಸರ್, ಇಲ್ಲಿ ಕಸಾನೇ ಇಲ್ಲಲ್ರಿ."

"ಇಲ್ಲ. ನಾವು ತಗದೀವಿ." ನನಗೆ ಹೆಮ್ಮೆ.

"ಹಂಗಲ್ಲ ಸರ್, ಫೋಟೋದಾಗ ಏನೂ ಕಾಣಾಂಗಿಲ್ಲ. ನಿಮ್ಮ ಚೀಲದಾಗಿಂದು ಒಂದೀಟು ಚೆಲ್ಲಿದ್ರ? ನಾವೇ ಆರಿಸಿ ಕೊಡ್ತೀವಿ."

ನಾನು ಹುಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದದ್ದಷ್ಟೇ ನೆನಪು. ಅಷ್ಟರಲ್ಲಿ ನಮ್ಮ ಹುಡುಗಿ ನಡುವೆ ಬಂದು, ಚೀಲದ ಬಾಯಿ ಬಿಚ್ಚುತ್ತ, ಹೋಟೆಲಿನಲ್ಲಿ ಆರ್ಡರ್ ತೆಗೆದುಕೊಳ್ಳುವವರ ದನಿಯಲ್ಲಿ ಕೇಳಿದಳು: "ಸರ್, ಹಸಿ ಕಸ ಕೊಡ್ಲಾ, ಒಣ ಕಸ ಕೊಡ್ಲಾ?"

೫. ಷರತ್ತು

ಸಾಹೇಬರು ಬರುವ ಭಾನುವಾರ ಬಂತು. ಬೆಳಕು ಹರಿಯುವಾಗಲೇ ಇಳಿದು ಒಂದು ಬಾಟಲಿಯ ಮುಚ್ಚಳವನ್ನೂ ಬಿಡದೆ ಎತ್ತಿದ್ದೆವು. ಏಳು ಗಂಟೆಗೆ ಗಂಡ ಹೆಂಡತಿ ಸ್ಕೂಟರಿನಲ್ಲಿ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರ ತುಂಬ ನಿರ್ಮಾಲ್ಯ. ದೇವರಿಗೆ ಏರಿಸಿದ ಹೂವು ಹರಿಯುವ ನೀರಿಗೇ ಹೋಗಬೇಕು ಅನ್ನುವುದು ಶಾಸ್ತ್ರ. ಚೀಲದ ಸಮೇತ ಹೋಗಬೇಕು ಅನ್ನುವುದು ರೂಢಿ.

"ನಿಮ್ಮ ಕಡೆ ಘಾಟ್ ಇಲ್ಲೇನ್ರಿ?" ಅಂದೆ.

"ಅದ ರೀ, ಆದ್ರ ಭಾಳ ಹೊಲಸ ಅದ. ಇಲ್ಲಿ ನೀರು ಸ್ವಚ್ಛ ಅದ ಅಂತ ಕೇಳಿ ಬಂದ್ವಿ."

ಅವರ ಹಿಂದೆ ಇನ್ನೊಂದು ಸ್ಕೂಟರ್. ಅದರ ಹಿಂದೆ ಒಂದು ಕಾರು. ಮೆಟ್ಟಿಲ ಪಕ್ಕದಲ್ಲೇ ನಿರ್ಮಾಲ್ಯಕ್ಕೆಂದು ಇಟ್ಟ ದೊಡ್ಡ ಕಲಶವಿದೆ, ಎಲ್ಲರೂ ಅದಕ್ಕೆ ನಮಸ್ಕಾರ ಮಾಡಿ ಮುಂದೆ ಹೋಗುತ್ತಾರೆ. ನಾನು ಹುಟ್ಟನ್ನು ಅಡ್ಡ ಹಿಡಿದು ಮೆಟ್ಟಿಲ ಮೇಲೆ ನಿಂತೆ. ಕೂಗಿದೆ, ಕೈ ಮುಗಿದೆ, ಒಬ್ಬರ ಕಾಲಿಗೂ ಬೀಳಲು ಹೋದೆ. ಅಂತೂ ಅಷ್ಟೂ ಚೀಲ ಕಲಶಕ್ಕೆ ಬಿದ್ದವು. ಆಗ ಜೀಪು ಬಂತು.

ಸಾಹೇಬರು ಮೆಟ್ಟಿಲಿಳಿದು ನೀರು ನೋಡಿದರು. ಮಿಂಚುಳ್ಳಿಯನ್ನೂ ತೋರಿಸಿದೆ. "ಭೇಷ್! ಇಷ್ಟು ಸ್ವಚ್ಛ ನೀರು ಈ ಊರಾಗ ನಾ ನೋಡಿಲ್ಲ," ಎಂದು ಜೇಬಿನಿಂದ ಪೆನ್ನು ತೆಗೆದರು. ಕಾಗದ ಮುಂದೆ ಹಿಡಿದೆ. ಪೆನ್ನು ಕಾಗದದ ಹತ್ತಿರ ಬಂದು ನಿಂತಿತು. ಸಾಹೇಬರು ಹಿಂದೆ ತಿರುಗಿ ಡ್ರೈವರನಿಗೆ ಸನ್ನೆ ಮಾಡಿದರು. ಅವನು ಜೀಪಿನಿಂದ ದಿಂಬಿನಷ್ಟು ದಪ್ಪದ ಒಂದು ಪ್ಲಾಸ್ಟಿಕ್ ಚೀಲ ತಂದ.

"ನವರಾತ್ರಿದು," ಅಂದರು ಸಾಹೇಬರು, ಸ್ವಲ್ಪ ನಾಚಿಕೊಂಡು. "ನಮ್ಮ ಮನಿಯವರಿಗೆ ಯಾವ ಘಾಟೂ ಮನಸ್ಸಿಗೆ ಬರಲಿಲ್ಲ. ಇದನ್ನ ನಡುನೀರಿಗೆ ಬಿಟ್ಟು ಬರ್ರಿ, ಅಷ್ಟರಾಗ ನಾ ಸಹಿ ಮಾಡಿ ಇಟ್ಟಿರ್ತೀನಿ."

ನಾನು ಬಾಯಿ ತೆರೆದೆ. ಹುಡುಗಿ ನನ್ನ ಕಾಲು ತುಳಿದು, ತನ್ನ ಹರುಕು ಮರಾಠಿಯಲ್ಲಿ "ಕೊಡಿ ಸರ್" ಅಂತ ಚೀಲ ಇಸಕೊಂಡಳು.

ದೋಣಿ ಹೊರಟಿತು. "ನಾ ಬಿಡಾಂವ ಅಲ್ಲ. ಪರವಾನಗಿ ಹೋದ್ರ ಹೋಗ್ಲಿ," ಅಂದೆ.

"ಬಿಡಿ ಅಂತ ನಾನೆಲ್ಲಿ ಹೇಳಿದೆ? ಸುಮ್ನೆ ಹುಟ್ಟು ಹಾಕಿ ಅಂಕಲ್."

ಸೇತುವೆಯ ಕಂಬದ ಹಿಂದೆ, ಘಾಟಿಗೆ ಕಾಣದ ಕಡೆ ದೋಣಿ ನಿಲ್ಲಿಸಿದೆವು. ಅವಳು ಸಾಹೇಬರ ಚೀಲವನ್ನು ನಮ್ಮ ಕಸದ ಗೋಣಿಗೆ ತುರುಕಿ, ಹುಟ್ಟಿನಿಂದ ನೀರಿಗೆ ಧಡಂ ಎಂದು ಹೊಡೆದಳು. ಘಾಟಿನ ಕಡೆಗೆ ಇಣುಕಿ ನೋಡಿದೆ. ಸಾಹೇಬರು ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದರು.

ಸಹಿ ಆಗಿತ್ತು. ಜೀಪು ಹೋದ ಮೇಲೆ ಕಾಗದ ಓದಿದೆ. ಸಹಿಯ ಮೇಲೆ ಸಾಹೇಬರು ತಮ್ಮ ಕೈಯಾರೆ ಒಂದು ಷರತ್ತು ಸೇರಿಸಿದ್ದರು: "ಸದರಿ ಗುಂಪಿನವರು ಪ್ರತಿ ಭಾನುವಾರ ಭಕ್ತರಿಂದ ನಿರ್ಮಾಲ್ಯ ಸ್ವೀಕರಿಸಿ ನಡುನೀರಿನಲ್ಲಿ ವಿಸರ್ಜಿಸತಕ್ಕದ್ದು."

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹುಡುಗಿ ಎರಡು ಸಲ ಓದಿ, "ಒಳ್ಳೇದೇ ಆಯ್ತಲ್ಲ ಅಂಕಲ್, ಅವರು ಎಸೆಯೋಕೆ ಮುಂಚೆನೇ ನಮ್ಮ ಕೈಗೆ ಬರುತ್ತೆ," ಅಂದಳು.

ಸುದ್ದಿ ಹೇಗೆ ಹರಡಿತೋ ಕಾಣೆ. ಮುಂದಿನ ಭಾನುವಾರ ಘಾಟಿನಲ್ಲಿ ಸಾಲು. ಎಲ್ಲರ ಚೀಲ ಇಸಕೊಂಡು ಕಂಬದ ಹಿಂದೆ ಹೋಗುವುದು, ಗೋಣಿಗೆ ತುರುಕುವುದು, ಧಡಂ ಅನ್ನಿಸುವುದು, ಬರುವುದು. ಹೂವು ಗೊಬ್ಬರಕ್ಕೆ, ಪ್ಲಾಸ್ಟಿಕ್ ಕಸದ ಗಾಡಿಗೆ. ನೀರಿಗೆ ಒಂದು ಎಸಳೂ ಬೀಳಲಿಲ್ಲ. ನನ್ನ ತೋಳು ಬಿದ್ದುಹೋಗಿತ್ತು.

ಸಾಲಿನ ಕೊನೆಗೆ ಒಂಬತ್ತು ಗಜದ ಸೀರೆಯ ಒಬ್ಬ ಅಜ್ಜಿ. ಅವರು ಚೀಲವನ್ನು ನನ್ನ ಕೈಗೆ ಕೊಟ್ಟರು, ಆದರೆ ಹಿಡಿ ಬಿಡಲಿಲ್ಲ. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಬೆರಳೆತ್ತಿದರು.

"ಇಲ್ಲೇ ದಂಡಿಗೆ ಚೆಲ್ಲಿ ಹೋಗಬ್ಯಾಡ್ರಿ ಮತ್ತ. ನಡುನೀರಿಗೇ ಬಿಡಬೇಕು. ನಿಮ್ಮಂಥವರು ಬಂದು ಹೊಲಸು ಮಾಡಾಕ ಅಂತ ನಾವು ಈ ನದೀನ ಇಷ್ಟು ಸ್ವಚ್ಛ ಇಟ್ಕೊಂಡಿಲ್ಲ!"