ಚೀನೀ ಅಜ್ಜಿಯ ಸಿನಿಮಾ, ಬೀಗಿತ್ತಿಯ ದಾಸವಾಳ

ನಿಮ್ಮ ಇನ್ನೊಬ್ಬ ಅಜ್ಜಿ ಕಳ್ಳಿ!

ಗಾಬರಿಯಾಗಬೇಡಿ ಮಕ್ಕಳೇ. ಇದನ್ನು ಅವರಿಗೇ ಓದಿ ಹೇಳಿದರೂ ಬೇಸರಪಡುವವರಲ್ಲ. "ಆ ಪದದ ಕೆಳಗೆ ಒಂದು ಗೆರೆ ಎಳೀರಿ" ಎಂದಾರು. ಅಂಥ ಹೆಂಗಸು.

ನಿಮ್ಮಮ್ಮನ ಅಮ್ಮ ನನಗೆ ಬೀಗಿತ್ತಿ. ಮೈಸೂರಿನವರು. ಐದೂವರೆ ಅಡಿ ಎತ್ತರ, ಅದಕ್ಕೆ ತಕ್ಕ ಗಂಟಲು. ನಾನೋ ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಸಿದವಳು, ನಾಲ್ಕೂ ಮುಕ್ಕಾಲು ಅಡಿ. ಬೀಗರ ಮುಂದೆ ನೀರು ಕೇಳುವುದಕ್ಕೂ ನಾಚಿಕೊಂಡು ಬಾಯಾರಿಕೆಯಲ್ಲೇ ವಾಪಸು ಬಂದವಳು. ನಿಮ್ಮ ತಾತ ಹೋದ ಮೇಲೆ ನಿಮ್ಮಪ್ಪ ನನ್ನನ್ನು ಅಮೆರಿಕಕ್ಕೆ, ಈ ರೆಸ್ಟನ್ ಊರಿಗೆ ಕರೆತಂದ. ಬಂದು ನೋಡುತ್ತೇನೆ, ಬೇಸ್‌ಮೆಂಟ್ ರೂಮಿನಲ್ಲಿ ಎರಡು ಮಂಚ. ಒಂದರ ಮೇಲೆ ಆಗಲೇ ಬೀಗಿತ್ತಿ! ಗಂಡಿನ ತಾಯಿ, ಹೆಣ್ಣಿನ ತಾಯಿ ಒಂದೇ ರೂಮಿನಲ್ಲಿ! ನಮ್ಮೂರಿನಲ್ಲಾಗಿದ್ದರೆ ಜನ ಬುತ್ತಿ ಕಟ್ಟಿಕೊಂಡು ನೋಡಲು ಬರುತ್ತಿದ್ದರು. ಅವರ ಗೊರಕೆಗೆ ನನ್ನ ಮಂಚದ ಕಾಲು ನಡುಗುತ್ತಿತ್ತು ಎಂದರೆ ನೀವು ನಂಬುತ್ತೀರಾ? ನಂಬಿ. ಸ್ವಲ್ಪ ಹೆಚ್ಚು ಮಾಡಿ ಹೇಳಿದ್ದೇನೆ, ಆದರೂ ನಂಬಿ.

ಅವರ ಮೊದಲ ಸಾಹಸ ಲ್ಯಾನ್‌ಹ್ಯಾಮ್ ದೇವಸ್ಥಾನದ ಪಾರ್ಕಿಂಗಿನಲ್ಲಿ. ಅಲ್ಲಿ ಹತ್ತರಲ್ಲಿ ಆರು ಕಾರು ಬೂದು ಬಣ್ಣದವೇ. ಬೀಗಿತ್ತಿ ಪುಳಿಯೋಗರೆ ದೊನ್ನೆ ಹಿಡಿದು ಒಂದರಲ್ಲಿ ಹತ್ತಿ ಕುಳಿತು, ಫೋನು ನೋಡುತ್ತಿದ್ದ ಡ್ರೈವರಿಗೆ "ನಡೀಪ್ಪ, ಎಷ್ಟು ಹೊತ್ತು ಕಾಯೋದು?" ಎಂದು ಗದರಿದರು. ಅವರು ಯಾರೋ ತೆಲುಗು ಡಾಕ್ಟರು. ತಮ್ಮ ಹೆಂಡತಿಯ ಕಡೆಯ ಯಾರೋ ಹಿರಿಯರಿರಬೇಕೆಂದುಕೊಂಡು ಪಾಪ, ಬಾಯಿ ಮುಚ್ಚಿಕೊಂಡು ಹೊರಟೇಬಿಟ್ಟರಂತೆ! ಹೆದ್ದಾರಿಗೆ ಬಂದ ಮೇಲೆ ಹೆಂಡತಿಯೇ ಫೋನು ಮಾಡಿ "ನನ್ನನ್ನು ಬಿಟ್ಟು ಎಲ್ಲಿ ಹೋದಿರಿ?" ಎಂದಾಗ ಇಬ್ಬರಿಗೂ ಜ್ಞಾನೋದಯವಾಯಿತು. ಅಷ್ಟು ಹೊತ್ತು ನಿಮ್ಮಮ್ಮ ಪಾರ್ಕಿಂಗಿನಲ್ಲಿ ಅಳುತ್ತಾ ಓಡಾಡುತ್ತಿದ್ದಳು.

ಬೀಗಿತ್ತಿ ಕಾರಿನಿಂದಿಳಿದು ಹೇಳಿದ್ದು ಇಷ್ಟೇ: "ಒಳ್ಳೇ ಜನ ಕಣೇ. ಎ.ಸಿ. ನಿಮ್ಮ ಕಾರಿಗಿಂತ ಚೆನ್ನಾಗಿದೆ."

ನಿಮ್ಮಮ್ಮ ನಗಲಿಲ್ಲ. "ಅಮ್ಮಾ, ಇನ್ನೊಂದೇ ಒಂದು ಸಲ ಇಂಥದ್ದು ಮಾಡಿದ್ರೆ ನಿನ್ನನ್ನ ಅಟ್ಲಾಂಟಾಗೆ ಅಣ್ಣನ ಹತ್ರ ಕಳಿಸ್ತೀನಿ. ನಾನು ಸೀರಿಯಸ್ ಆಗಿ ಹೇಳ್ತಿದೀನಿ" ಎಂದಳು. ನಿಮ್ಮ ಮಾವನದು ಅಲ್ಲಿ ಹದಿನಾಲ್ಕನೇ ಮಹಡಿಯ ಅಪಾರ್ಟ್‌ಮೆಂಟು. ಕಾರ್ಡು ತೋರಿಸದೆ ಲಿಫ್ಟೂ ಅಲುಗುವುದಿಲ್ಲ. ಗಂಡ ಹೆಂಡತಿ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಬೀಗಿತ್ತಿಯ ಮುಖ ಬಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಸ್ವಲ್ಪ ಖುಷಿಯಾಯಿತು. ರೂಮು ನನ್ನೊಬ್ಬಳದೇ ಆಗುತ್ತದಲ್ಲ!

ಎರಡು ತಿಂಗಳು ಬೀಗಿತ್ತಿ ದೇವರ ಹಾಗಿದ್ದರು. ಆಮೇಲೆ ನಮ್ಮ ಪುಟ್ಟಿ ಒಂದು ಸಿನಿಮಾ ಹಾಕಿದಳು. ಹೌದು ಪುಟ್ಟೀ, ಇದಕ್ಕೆಲ್ಲ ಮೂಲ ನೀನೇ!

ಸಿನಿಮಾದಲ್ಲಿ ಒಬ್ಬ ಚೀನೀ ಅಜ್ಜಿ. ಅಮೆರಿಕದ ಯಾವುದೋ ಊರಿನಲ್ಲಿ ಒಂಟಿಯಾಗಿ ಕಡುಬು ಮಾಡಿ ಮಾರುತ್ತಾಳೆ. ಒಂದು ದಿನ ರೌಡಿಗಳು ಅವಳ ದೊಡ್ಡ ಫ್ರೀಜರಿನಲ್ಲಿ ಒಂದು ಹೆಣವನ್ನು ತುರುಕಿ ಹೋಗುತ್ತಾರೆ. ಮಾತೆಲ್ಲ ಚೀನೀ ಭಾಷೆ, ಕೆಳಗೆ ಇಂಗ್ಲಿಷ್ ಅಕ್ಷರ. ನಾನು ಒಂದು ಸಾಲು ಕೂಡಿಸಿ ಓದುವಷ್ಟರಲ್ಲಿ ಸಿನಿಮಾದಲ್ಲಿ ಇಬ್ಬರು ಸತ್ತಿರುತ್ತಿದ್ದರು. ಬೀಗಿತ್ತಿ "ಅಯ್ಯೋ ಓದೋದು ಯಾಕ್ರೀ, ನಾನ್ ಹೇಳ್ತೀನಿ ಕೇಳಿ" ಎಂದು ಕನ್ನಡದಲ್ಲಿ ಶುರುಮಾಡಿದರು. ಅವರಿಗೆ ಚೀನೀ ಭಾಷೆ ಬರುತ್ತದೆಯೇ? ಖಂಡಿತ ಇಲ್ಲ!

ಅಜ್ಜಿ ಫ್ರೀಜರು ತೆರೆದು ಕಿರುಚಿದಳು.

"ಏನಂತೆ?" ಎಂದೆ.

"ಮಡಿ ಕೆಟ್ಟೋಯ್ತಲ್ಲೋ ಅಂತಿದಾಳೆ. ಹಬ್ಬಕ್ಕೆ ಮಾಡಿಟ್ಟಿದ್ದ ಕಡುಬು, ಪಕ್ಕದಲ್ಲಿ ಹೆಣ! ಈಗ ಫ್ರೀಜರಿಗೆ ಪುಣ್ಯಾಹ ಮಾಡಿಸ್ಬೇಕು, ಪುರೋಹಿತರನ್ನ ಎಲ್ಲಿಂದ ತರೋದು ಅಂತ ಯೋಚನೆ."

"ಅಜ್ಜೀ! ದಟ್ಸ್ ನಾಟ್ ವಾಟ್ ಶಿ ಸೆಡ್!" ಎಂದು ಪುಟ್ಟಿ ಸೋಫಾದಿಂದ ಜಾರಿ ಕೆಳಗೆ ಬಿದ್ದಳು.

"ನೀನು ಅಕ್ಷರ ಓದ್ತೀಯ, ನಾನು ಮುಖ ಓದ್ತೀನಿ. ಸುಮ್ನಿರು."

ಮೈತುಂಬ ಹಚ್ಚೆ ಹಾಕಿಸಿಕೊಂಡ ರೌಡಿಗಳ ಯಜಮಾನ ಬಂದ. ಅವನು ಆ ಅಜ್ಜಿಯ ತಂಗಿಯ ಮಗನೇ ಎಂದು ಬೀಗಿತ್ತಿ ತೀರ್ಮಾನಿಸಿದರು. "ಕಿವಿ ನೋಡಿ, ಒಂದೇ ಥರ!" ಅಜ್ಜಿ ಅವನ ತಟ್ಟೆಗೆ ಕಡುಬು ಬಡಿಸುತ್ತಾ ಏನೋ ಹೇಳಿದಳು. ಬೀಗಿತ್ತಿಯ ಪ್ರಕಾರ ಅದು "ಮದುವೆ ಮಾಡ್ಕೊಂಡಿದ್ರೆ ಈ ಗತಿ ಬರ್ತಿತ್ತಾ ನಿಂಗೆ?" ಮುಂದಿನ ದೃಶ್ಯದಲ್ಲಿ ಅವನಿಗೆ ಗುಂಡು ಬಿತ್ತು. ನನಗೆ ಎಷ್ಟು ನಗು ಬಂತೆಂದರೆ ಸೆರಗು ಬಾಯಿಗೆ ತುರುಕಿಕೊಳ್ಳಬೇಕಾಯಿತು. ಮನುಷ್ಯ ಸತ್ತರೆ ನಗುವುದೇ? ಏನು ಮಾಡಲಿ, ಹಾಗಿತ್ತು ಸಿನಿಮಾ.

ಕೊನೆಗೆ ಆ ಅಜ್ಜಿ ಹೆಣವನ್ನು ತರಕಾರಿ ತರುವ ತಳ್ಳುಗಾಡಿಯಲ್ಲಿ ಮಡಚಿ ಕೂರಿಸಿ, ಮೇಲೆ ಕೊತ್ತಂಬರಿ ಸೊಪ್ಪು ಹರಡಿ, ಬೀದಿಯಲ್ಲಿ ತಳ್ಳಿಕೊಂಡು ಹೊರಟಳು. ಎದುರಿಗೆ ಪೊಲೀಸ್! ಆ ಪೊಲೀಸಪ್ಪ ಅವಳ ಕೈ ಹಿಡಿದು ರಸ್ತೆ ದಾಟಿಸಿ, ಟೋಪಿ ಎತ್ತಿ ನಮಸ್ಕಾರ ಮಾಡಿ ಹೋದ.

ಬೀಗಿತ್ತಿ ಎದ್ದು ನಿಂತರು. "ನೋಡಿದ್ರಾ? ಮುದುಕೀರು ಯಾರ ಕಣ್ಣಿಗೂ ಕಾಣಲ್ಲ ಕಣ್ರೀ! ನಾವು ಏನು ಬೇಕಾದ್ರೂ ಮಾಡ್ಬಹುದು!"

ಆಗಲೇ ನನಗೆ ಭಯವಾಗಬೇಕಿತ್ತು. ಆಗಲಿಲ್ಲ.

ಆ ವಾರವೇ ವರಮಹಾಲಕ್ಷ್ಮಿ ಹಬ್ಬ. ನಿಮ್ಮಮ್ಮ ಅಂಗಡಿಯಿಂದ ಹೂ ತಂದಿಟ್ಟಿದ್ದಳು. ಬೀಗಿತ್ತಿ ಮೂಸಿ ನೋಡಿ, "ಇದು ಹೂವಲ್ಲ, ಐಸು" ಎಂದರು. ಬೀದಿಯ ಮೂಲೆಮನೆಯ ಮುಂದೆ ಆಳೆತ್ತರದ ದಾಸವಾಳದ ಗಿಡವಿತ್ತು. ಮೈಸೂರಿನಲ್ಲಿ ಅವರು ನಲವತ್ತು ವರ್ಷ ಬೆಳಗಿನ ವಾಕಿಂಗ್ ಮಾಡಿದ್ದೇ ಕಂಡವರ ಕಾಂಪೌಂಡಿನಾಚೆ ಬಾಗಿದ ಕೊಂಬೆಗಳಿಗಾಗಿ. ದೇವರಿಗೆಂದು ಕಿತ್ತರೆ ಕಳ್ಳತನವಲ್ಲ ಎಂಬುದು ಅವರ ಕಾನೂನು. ಅದು ನನ್ನ ಕಾನೂನೂ ಹೌದು, ಸುಳ್ಳೇಕೆ ಹೇಳಲಿ!

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ನನ್ನನ್ನು ಎಬ್ಬಿಸಿದರು. ಆಗಸ್ಟ್ ತಿಂಗಳ ಸೆಕೆಯಲ್ಲಿ ತಲೆಗೆ ಮಂಕಿ ಟೋಪಿ! ಸೀರೆಯ ಮೇಲೆ ನಿಮ್ಮಪ್ಪನ ಮಳೆ ಕೋಟು. ಕೈಯಲ್ಲಿ ಪುಟ್ಟಿಯ ತಮ್ಮನನ್ನು ಕೂರಿಸಿ ತಳ್ಳುತ್ತಿದ್ದ ಹಳೆಯ ಸ್ಟ್ರೋಲರು. ಹೂ ಹಾಕಿ ಮೇಲೆ ಮಗುವಿನ ಕಂಬಳಿ ಮುಚ್ಚುವುದಕ್ಕೆ.

"ನೀವು ಕಾವಲು. ಯಾರಾದ್ರೂ ಬಂದ್ರೆ ಕೆಮ್ಮಿ."

"ಬೇಡ ಕಣ್ರೀ... ಅಟ್ಲಾಂಟಾ..."

"ಕಾಣಲ್ಲ ಅಂದ್ನಲ್ಲ!"

ನಾನು ಟಪಾಲು ಡಬ್ಬಿಯ ಹಿಂದೆ ನಿಂತೆ. ಅಳಿಲು ಬಂತು, ಕೆಮ್ಮಿದೆ. ಜಿಂಕೆ ಬಂತು, ಕೆಮ್ಮಿದೆ. ಒಂದು ಎಲೆ ಬಿತ್ತು, ಅದಕ್ಕೂ ಕೆಮ್ಮಿದೆ. ಬೀಗಿತ್ತಿ ಪ್ರತಿ ಸಲವೂ ಗಿಡದ ಹಿಂದೆ ಕುಕ್ಕರಿಸಿ ಮತ್ತೆ ಏಳುತ್ತಿದ್ದರು. ಮಂಡಿ ನೋವಿದ್ದವರು, ಪಾಪ! ಅಂತೂ ಇಪ್ಪತ್ತೊಂದು ಹೂವಿನೊಂದಿಗೆ ಮನೆ ಸೇರಿದೆವು. ಲಕ್ಷ್ಮಿ ಝಗಮಗಿಸಿದಳು.

ಮಧ್ಯಾಹ್ನ ಹೋಳಿಗೆ ಬಡಿಸುತ್ತಿದ್ದಾಗ ನಿಮ್ಮಪ್ಪ ಒಂದು ಕೈಯಲ್ಲಿ ಮಜ್ಜಿಗೆ ಲೋಟ, ಇನ್ನೊಂದರಲ್ಲಿ ಫೋನು ಹಿಡಿದು ಬಂದ. ಆ ಮೂಲೆಮನೆಯ ಬಾಗಿಲಿನ ಕರೆಗಂಟೆಯಲ್ಲಿ ಕ್ಯಾಮೆರಾ ಇರುತ್ತದೆಂದು ನಮಗೇನು ಗೊತ್ತು? ವಿಡಿಯೋ ಬೀದಿಯವರ ಗ್ರೂಪಿಗೆಲ್ಲ ಹೋಗಿತ್ತು. ಬರೀ ಕಣ್ಣು ಕಾಣುವ ಟೋಪಿಯ ಎತ್ತರದ ಆಸಾಮಿ, ಸ್ಟ್ರೋಲರು ತಳ್ಳುತ್ತಾ, ಮತ್ತೆ ಮತ್ತೆ ಅಡಗುತ್ತಾ... ಹೂ ಹೋದದ್ದು ಯಾರಿಗೂ ಲೆಕ್ಕವಿಲ್ಲ. ಎಲ್ಲರೂ ಕೇಳುತ್ತಿದ್ದದ್ದು ಒಂದೇ: ಆ ಮಗು ಯಾರದು? ಮಗು ಕ್ಷೇಮವೇ? ಪೊಲೀಸರಿಗೆ ತಿಳಿಸೋಣವೇ?

ನಿಮ್ಮಮ್ಮ ತನ್ನ ಅಮ್ಮನ ಕಡೆ ತಿರುಗಿದಳು. ಬೀಗಿತ್ತಿ ಹೋಳಿಗೆ ತಟ್ಟೆಯನ್ನೇ ನೋಡುತ್ತಿದ್ದರು.

"ಅದು ನಾನು" ಎಂದೆ.

ಯಾರು ಹೇಳಿದ್ದೆಂದು ನಾನೇ ಒಂದು ಸಲ ಸುತ್ತ ನೋಡಿದೆ.

"ಅಮ್ಮಾ, ಕೆಮ್ಮು ನಿಂದೇ, ಗೊತ್ತಾಯ್ತು" ಎಂದ ನಿಮ್ಮಪ್ಪ. "ಆದ್ರೆ ಇವರು ಗಿಡದಷ್ಟು ಎತ್ತರ ಇದಾರೆ. ನೀನು ಗಿಡದ ಅರ್ಧ ಇಲ್ಲ."

"ಬೆಳಗಿನ ಹೊತ್ತು ನಾನು ಸ್ವಲ್ಪ ಉದ್ದ ಇರ್ತೀನಿ" ಎಂದೆ.

ನಿಮ್ಮಪ್ಪನ ಮೂಗಿನಿಂದ ಮಜ್ಜಿಗೆ ಬಂತು. ನಿಮ್ಮಮ್ಮ ಮಾತ್ರ ನಗಲಿಲ್ಲ. ಇಬ್ಬರನ್ನೂ ಮೂಲೆಮನೆಗೆ ಕ್ಷಮೆ ಕೇಳಲು ಎಳೆದುಕೊಂಡು ಹೋದಳು.

ಬಾಗಿಲು ತೆರೆದದ್ದು ಯಾರೆಂದುಕೊಂಡಿರಿ? ಒಬ್ಬ ಚೀನೀ ಅಜ್ಜಿ! ಬೀಗಿತ್ತಿ ನನ್ನ ತೋಳು ಚಿವುಟಿ, "ಫ್ರೀಜರು ಎಲ್ಲಿದೆ ನೋಡಿ" ಎಂದು ಪಿಸುಗುಟ್ಟಿದರು. ಆ ಅಜ್ಜಿಯ ಸೊಸೆಗೆ ನಿಮ್ಮಮ್ಮ ಎಲ್ಲವನ್ನೂ ವಿವರಿಸಿದಳು, ಸೊಸೆ ಅತ್ತೆಗೆ ಚೀನೀ ಭಾಷೆಯಲ್ಲಿ ಹೇಳಿದಳು. ಆ ಅಜ್ಜಿಯ ಮುಖ ಕೆಂಪೇರಿತು. ಕೋಪವೆಂದುಕೊಂಡೆವು. ಅವರು ತಲೆ ತಗ್ಗಿಸಿ ಅಡಿಗೆಮನೆಯತ್ತ ಕೈ ತೋರಿಸಿದರು. ಒಲೆಯ ಪಕ್ಕದ ಬುಟ್ಟಿಯಲ್ಲಿ ಎಳೆ ಕುಂಬಳದ ಕುಡಿಗಳು. ನಮ್ಮ ಹಿತ್ತಿಲಿನವೇ! ಬಳ್ಳಿ ಮೇಯ್ದು ಹೋಗುತ್ತವೆಂದು ಇಡೀ ಬೇಸಿಗೆ ನಾವು ಜಿಂಕೆಗಳನ್ನು ಬೈದದ್ದೇ ಬೈದದ್ದು, ನಿಮ್ಮಪ್ಪ ಜಿಂಕೆ ಓಡಿಸುವ ಔಷಧಿ ಹೊಡೆದದ್ದೇ ಹೊಡೆದದ್ದು. ತಿಂದವರು ಬೆಳ್ಳುಳ್ಳಿ ಒಗ್ಗರಣೆ ಹಾಕಿಕೊಂಡು ತಿಂದಿದ್ದರು!

ಸೊಸೆ ಅಲ್ಲೇ ನಿಂತು ಗ್ರೂಪಿಗೆ ಬರೆದಳು: ಮಗು ಇರಲಿಲ್ಲ, ಇದ್ದದ್ದು ಹೂವು, ಎಲ್ಲರೂ ಕ್ಷೇಮ. ಪೊಲೀಸಿನ ಮಾತು ಅಲ್ಲಿಗೆ ನಿಂತಿತು.

ಆದರೆ ಮನೆಗೆ ಬಂದವಳೇ ನಿಮ್ಮಮ್ಮ ಲ್ಯಾಪ್‌ಟಾಪ್ ತೆರೆದಳು. "ನಗೋ ವಿಷಯ ಅಲ್ಲ ಇದು. ಯಾರಾದ್ರೂ ಹೆದರಿ ಏನಾದ್ರೂ ಮಾಡಿಬಿಟ್ಟಿದ್ರೆ? ನಾನು ಆಫೀಸಲ್ಲಿ ಕೂತು ಇಡೀ ದಿನ ಇದನ್ನೇ ಯೋಚನೆ ಮಾಡ್ಲಾ? ಭಾನುವಾರದ ಫ್ಲೈಟ್ ಬುಕ್ ಮಾಡ್ತೀನಮ್ಮ." ಅವಳ ಕಣ್ಣು ತುಂಬಿತ್ತು. ಅವಳ ಹೆದರಿಕೆಯೂ ಸುಳ್ಳಲ್ಲ.

ಬೀಗಿತ್ತಿ ಮೆಟ್ಟಿಲಿಳಿದು ರೂಮಿಗೆ ಹೋದರು. ನಾನು ಸ್ವಲ್ಪ ಹೊತ್ತು ಬಿಟ್ಟು ಹಿಂದೆಯೇ ಹೋದೆ.

ಪೆಟ್ಟಿಗೆ ಕಟ್ಟುತ್ತಿರಬಹುದೆಂದುಕೊಂಡಿದ್ದೆ. ಅವರು ಮಂಚದ ಮೇಲೆ ಕುಳಿತು, ಕನ್ನಡಕ ಏರಿಸಿ, ಹಳೆಯ ಲಕೋಟೆಯ ಹಿಂಬದಿಯಲ್ಲಿ ಟಿವಿ ರಿಮೋಟಿನ ಚಿತ್ರ ಬರೆಯುತ್ತಿದ್ದರು.

"ಬನ್ನಿ ಇಲ್ಲಿ. ಇದು ಕೆಂಪು ಗುಂಡಿ, ಒಂದೇ ಸಲ ಒತ್ತಿ. ಇದು ಸೌಂಡು. ಇದನ್ನ ಮಾತ್ರ ಮುಟ್ಟಬೇಡಿ, ಎಲ್ಲಾ ಹೊರಟೋಗತ್ತೆ, ಸರಿಮಾಡೋಕೆ ನಾನಿರಲ್ಲ" ಎಂದು ಲಕೋಟೆಯನ್ನು ನನ್ನ ಕೈಗಿತ್ತು ಗೋಡೆ ಕಡೆ ತಿರುಗಿ ಮಲಗಿದರು. ಚಿತ್ರದ ಕೆಳಗೆ ದುಂಡಗಿನ ಅಕ್ಷರದಲ್ಲಿ ಇನ್ನೂ ಒಂದು ಸಾಲಿತ್ತು: "ಮಧ್ಯಾಹ್ನ ಮೂರಕ್ಕೆ ಏನಾದರೂ ಸಿನಿಮಾ ಹಾಕಿಕೊಳ್ಳಿ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳಬೇಡಿ. ಹೋದ ಯಜಮಾನರಿಗೂ ಸಮಾಧಾನ ಇರುವುದಿಲ್ಲ."

ನಲ್ಲಿಯ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ ಎಂದುಕೊಂಡಿದ್ದೆ ನಾನು.

ಮೇಲೆ ಹೋಗಿ ಆ ಲಕೋಟೆಯನ್ನು ನಿಮ್ಮಮ್ಮನ ಮುಂದೆ ಇಟ್ಟೆ. ಅವಳು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಒಲೆಯ ಮೇಲೆ ಹಾಲಿಟ್ಟಳು.

ನಾನು ಕೆಳಗಿಳಿದು ಬಂದು, ಇನ್ನೂ ಗೋಡೆ ನೋಡುತ್ತಾ ಮಲಗಿದ್ದವರ ಭುಜ ಅಲುಗಿಸಿದೆ.

"ಏಳೇ" ಎಂದೆ. "ನಿನ್ನ ಮಗಳು ಕಾಫಿಗೆ ಇಟ್ಟಿದಾಳೆ, ಬಾ."