ಯಂತ್ರದ ಹೊಟ್ಟೆಗೆ ಸಾಬೂದಾಣಿ

ಮಾಂತುವಿನ ಅಂದಿನ ಫಜೀತಿಗೆಲ್ಲ ಒಂದು ಸ್ಟೀಲ್ ಡಬ್ಬಿಯೇ ಮೂಲ. ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಯಂತ್ರ ಮಾರುವ ಖರಾಡಿಯ ಕಂಪನಿಯೊಂದರಲ್ಲಿ ಅವನು ಇಂಜಿನಿಯರ್. ಡಬ್ಬಿಯಲ್ಲಿದ್ದದ್ದು ಆ ಯಂತ್ರಕ್ಕೆ ತುಂಬುವ, ನೋಡಲು ಥೇಟ್ ಸಾಬೂದಾಣಿ, ಅಂದರೆ ಸಬ್ಬಕ್ಕಿಯಂತಿರುವ ಬಿಳಿ ಗುಂಡುಗಳು. ಗಾಳಿಯೊಳಗಿನ ನೈಟ್ರೋಜನ್ನನ್ನು ಅವು ಮೈಗೆ ಅಂಟಿಸಿಕೊಂಡು ಆಕ್ಸಿಜನ್ನನ್ನು ಮಾತ್ರ ಮುಂದೆ ಬಿಡುತ್ತವೆ. ನೀರು ಸೋಕಿತೋ, ಅವುಗಳ ಕತೆ ಮುಗಿಯಿತು. ಅದಕ್ಕೇ ಬಿಗಿ ಮುಚ್ಚಳದ ಡಬ್ಬಿ ಹುಡುಕಿ, ತುಂಬಿ, ಅಡುಗೆಮನೆಯ ಕಟ್ಟೆಯ ಮೇಲೆ ಜೋಪಾನವಾಗಿಟ್ಟಿದ್ದ. ಇವತ್ತು ಚಾಕಣದ ರಾಮಲಿಂಗಪ್ಪನವರ ವರ್ಕ್‌ಶಾಪಿನಲ್ಲಿ ಯಂತ್ರ ನಡೆಸಿ ತೋರಿಸಬೇಕು. ಆಕ್ಸಿಜನ್ ಮೀಟರಿನ ಮುಳ್ಳು ಶೇಕಡಾ ತೊಂಬತ್ತು ದಾಟದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಸಾಹೇಬರಾದ ರಾಘಣ್ಣ ಮೊದಲೇ ಹೇಳಿಬಿಟ್ಟಿದ್ದರು.

ಸ್ನಾನ ಮುಗಿಸಿ ಬಂದು ನೋಡಿದರೆ ಡಬ್ಬಿ ಮಾಯ!

"ರೇಣು, ಡಬ್ಬಿ ಎಲ್ಲೈತಿ?" ಎಂದು ಹೆಂಡತಿಯನ್ನು ಕೂಗಿದ.

"ಇವತ್ತ ಏಕಾದಶಿ ಅಲ್ಲೇನ್ರಿ? ಬಾಜೂಮನಿ ಅನುಸೂಯಾ ಕಾಕೂ ಸಾಬೂದಾಣಿ ಕೇಳಾಕ ಬಂದಿದ್ರು. ಕೊಟ್ಟೆ."

"ಅದು ಸಾಬೂದಾಣಿ ಅಲ್ಲಲೇ! ನನ್ನ ನೌಕರಿ!"

ಟವೆಲ್ಲಿನಲ್ಲೇ ಮಾಂತು ಓಡಿದ. ಕಾಕೂ ಆಗಲೇ ಗುಂಡುಗಳ ಮೇಲೆ ನೀರು ಸುರಿದಿದ್ದರು. ಪಾತ್ರೆ ಚುಂಯ್‌ಗುಡುತ್ತ ಆವಿ ಬಿಡುತ್ತಿತ್ತು.

"ಅಗಬಾಯಿ! ಗ್ಯಾಸ್ ಹಚ್ಚಿಲ್ಲ, ಏನಿಲ್ಲ, ನೀರು ಕುದಿಯಾಕ ಹತ್ತೇದ! ನಮ್ಮನಿಗೆ ವಿಠ್ಠಲ ಬಂದಾನ!"

ಇಡೀ ಬಿಲ್ಡಿಂಗೇ ನೆರೆಯಿತು. ಪಾತ್ರೆಗೆ ಕುಂಕುಮ ಬಿತ್ತು, ಹಾರ ಬಿತ್ತು, ಆರತಿಯೂ ಶುರುವಾಯಿತು. ಸೊಸೈಟಿಯ ಚೇರ್ಮನ್ ಅವ್ವಣ್ಣ ಬಾಗಿಲಲ್ಲೇ ಮಾಂತುವನ್ನು ತಡೆದು, "ಲೈನಿನ್ಯಾಗ ಬರ್ರಿ!" ಎಂದು ಗದರಿದರು.

"ಕಾಕೂ, ಅದು ಕೆಮಿಕಲ್ ಐತ್ರಿ! ನೀರು ಹೀರಿದ್ರ ಬಿಸಿ ಆಗ್ತದ. ತಿನ್ನಬ್ಯಾಡ್ರಿ!"

"ಪೂಜಿ ಮಾಡಿದ್ದನ್ನ ಯಾರರ ತಿಂತಾರೇನೋ? ದೇವರ ಮುಂದ ಟವೆಲ್ ಮ್ಯಾಲೆ ಬಂದೀಯಲ್ಲ, ನಾಚಿಗಿ ಇಲ್ಲೇನು?"

ಅಷ್ಟರಲ್ಲಿ ರಾಘಣ್ಣನವರ ಫೋನು. "ಎಲ್ಲದೀಯೋ? ಅವರು ಕಾಯಾಕತ್ತಾರ!" ಮಾಂತುವಿಗೆ ತಲೆ ಕೆಟ್ಟಿತು. ಕೆಟ್ಟ ತಲೆಗೆ ಒಂದೇ ಉಪಾಯ ಹೊಳೆಯಿತು. ಅಂಗಿ ಸಿಕ್ಕಿಸಿಕೊಂಡು ಕಿರಾಣಿ ಅಂಗಡಿಗೆ ಹೋಗಿ ಅಸಲಿ ಸಾಬೂದಾಣಿ ಕೊಂಡು ಚಾಕಣದ ದಾರಿ ಹಿಡಿದ.

ಎಲ್ಲರೆದುರೇ ಯಂತ್ರದ ಹೊಟ್ಟೆಗೆ ಸಾಬೂದಾಣಿ ಸುರಿದ. ಸಾಬೂದಾಣಿ ಎಲ್ಲಿಯ ನೈಟ್ರೋಜನ್ ಹಿಡಿದೀತು? ಮುಳ್ಳು ಮಾಮೂಲಿ ಗಾಳಿಯಲ್ಲಿರುವ ಇಪ್ಪತ್ತೊಂದನ್ನು ದಾಟುವುದಿಲ್ಲ, ನೌಕರಿ ಹೋದಂತೆಯೇ. ಕಣ್ಣು ಮುಚ್ಚಿ ಸ್ವಿಚ್ ಒತ್ತಿದ.

ಚಪ್ಪಾಳೆ ಕೇಳಿಸಿತು. ಕಣ್ಣು ಬಿಟ್ಟರೆ ಮುಳ್ಳು ತೊಂಬತ್ತೊಂಬತ್ತರ ಮೇಲೆ ನಿಂತಿದೆ! ಅಸಲಿ ಗುಂಡುಗಳೂ ಅಷ್ಟು ಕೊಡುವುದಿಲ್ಲ.

"ಸಾಹೇಬ್ರ, ಇದು ಹೆಂಗ..."

ರಾಘಣ್ಣ ಅವನ ಕಿವಿಯ ಬಳಿ ಬಗ್ಗಿದರು. "ಸುಮ್ನಿರೋ. ನಿನ್ನ ಗುಂಡು ನಂಬ್ಕೊಂಡ್ರ ಧಂದೆ ಆಗತೈತೇನು? ಒಳಗ ಸಣ್ಣದೊಂದು ಆಕ್ಸಿಜನ್ ಸಿಲಿಂಡರ್ ಇಟ್ಟೇನಿ."

ಮಾಂತುವಿಗೆ ಹೋದ ಜೀವ ಬಂದಂತಾಯಿತು. ನಗು ತಡೆಯಲಾಗದೆ ಕೆಮ್ಮಿದ.

ರಾಮಲಿಂಗಪ್ಪ ಬಂದು ಅವನ ಬೆನ್ನು ತಟ್ಟಿದರು. "ಭಾಳ ಛಲೋ ಮಷಿನ್ ಐತ್ರಿ! ನನಗ ಹೊಸಾದು ಬ್ಯಾಡ, ಇದನ್ನ ಇಲ್ಲೇ ಬಿಟ್ಟು ಹೋಗ್ರಿ. ಇವತ್ತಿಂದನ ಇದರ ಆಕ್ಸಿಜನ್ ಮ್ಯಾಲೆ ಕಬ್ಬಿಣ ಕಟಿಂಗ್ ಚಾಲೂ ಮಾಡ್ತೇನಿ. ನೋಡ್ಕೊಳ್ಳಾಕ ಈ ತಮ್ಮನೂ ಇಲ್ಲೇ ಇರ್ಲಿ."

"ಅವಶ್ಯ ಇಟ್ಕೋರಿ!" ಎಂದವರೇ ರಾಘಣ್ಣ ಕಾರು ಹತ್ತಿಬಿಟ್ಟರು.

ರಾಮಲಿಂಗಪ್ಪ ಪ್ರೀತಿಯಿಂದ ಯಂತ್ರದ ಪಕ್ಕ ಒಂದು ಸ್ಟೂಲ್ ಹಾಕಿಸಿ, ಚಹಾ ತರಿಸಿಕೊಟ್ಟರು. ಮಾಂತುವಿಗೆ ಅಳುವೇ ಬಂತು. ಕಾರು ಗೇಟು ದಾಟುತ್ತಿದ್ದಂತೆ ಮುಳ್ಳು ಮೆಲ್ಲಗೆ ಇಳಿಯತೊಡಗಿತು.